ಸಭೆ ಒಪ್ಪಿತು, ನಳ್ಳಿಗೆ ನೀರು ಯಾವಾಗ?

ಪ್ರಶ್ನೆ: ಹೊಸ ಕುಡಿಯುವ ನೀರಿನ ಯೋಜನೆಗೆ ನಗರಸಭೆಯ ಸಾಮಾನ್ಯ ಸಭೆ ಒಪ್ಪಿಗೆ ಕೊಟ್ಟಿದೆ. ನಮ್ಮದು ಏರಿನ ಮೇಲಿರುವ ಎರಡಂತಸ್ತಿನ ಮನೆ. ನೀರು ಬಿಟ್ಟ ದಿನವೂ ಸಂಪಿನೊಳಗೆ ಬೀಳುವುದು ನೂಲಿನಷ್ಟು ತೆಳ್ಳಗೆ. ಬರುವ ಬೇಸಿಗೆಗೆ ಹೊಸ ನೀರು ಸಿಗಬಹುದೇ? ಈಗ ನಾವು ಕೇಳಬೇಕಾದ್ದು ಏನಾದರೂ ಇದೆಯೇ?
– ಓದುಗರೊಬ್ಬರು, ಮಣಿಪಾಲ

ಉತ್ತರ: ಬರುವ ಬೇಸಿಗೆಯನ್ನು ನಂಬಿ ಸಂಪು ಮುಚ್ಚಬೇಡಿ. ಸಭೆಯ ನಿರ್ಣಯ ಆದ ಮೇಲೆ ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ ಎಲ್ಲ ಆಗಬೇಕು. ಆದರೆ ಕೇಳುವುದಿದ್ದರೆ ಈಗಲೇ ಕೇಳಿ. ಟೆಂಡರ್ ಆದ ಮೇಲೆ ಒಂದು ಟ್ಯಾಂಕ್‌ನ ಜಾಗ ಬದಲಿಸಬೇಕೆಂದರೂ ಹೆಚ್ಚುವರಿ ಅಂದಾಜು, ಮತ್ತೊಂದು ಮಂಜೂರಾತಿ, ಮತ್ತಷ್ಟು ತಿಂಗಳು.

ಮೊದಲು ವಿವರವಾದ ಯೋಜನಾ ವರದಿಯಲ್ಲಿ ನಿಮ್ಮ ಬೀದಿಯ ಹಾಳೆಯನ್ನು ನೋಡಿ. ಕೊಡದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಆದ್ದರಿಂದ "ಯೋಜನೆಯ ಎಲ್ಲ ದಾಖಲೆ" ಎಂದು ಬರೆಯದೆ, "ನಮ್ಮ ವಲಯದ ಟ್ಯಾಂಕ್ ಮಟ್ಟ ಮತ್ತು ಉಳಿಕೆ ಒತ್ತಡದ ಲೆಕ್ಕದ ಪ್ರತಿ" ಎಂದೇ ಬರೆಯಿರಿ.

ನಿಮ್ಮ ಮನೆಗೆ ಮುಖ್ಯವಾದದ್ದು ಆ ಉಳಿಕೆ ಒತ್ತಡ, ಅಂದರೆ ದಾರಿಯ ನಷ್ಟ ಕಳೆದು ನಳ್ಳಿಯಲ್ಲಿ ಉಳಿಯುವ ಒತ್ತಡ. ನೀರು ತಾನಾಗಿ ಎಷ್ಟು ಎತ್ತರಕ್ಕೆ ಏರಬಲ್ಲದು ಎಂದು ಅದನ್ನು ಮೀಟರ್‌ನಲ್ಲಿ ಹೇಳುತ್ತಾರೆ. ಉದಾಹರಣೆಗೆ ಟ್ಯಾಂಕ್‌ನಲ್ಲಿ ನೀರಿನ ಕನಿಷ್ಠ ಮಟ್ಟ 85 ಮೀಟರ್, ನಿಮ್ಮ ಅಂಗಳ 70 ಮೀಟರ್ ಎತ್ತರದಲ್ಲಿದೆ ಎನ್ನೋಣ. ವ್ಯತ್ಯಾಸ 15 ಮೀಟರ್. ಪೈಪ್‌ನ ಘರ್ಷಣೆಯಲ್ಲಿ 5 ಮೀಟರ್ ಹೋದರೆ ಉಳಿಯುವುದು 10. ಕೇಂದ್ರ ಸರ್ಕಾರದ 1999ರ ನೀರು ಸರಬರಾಜು ಕೈಪಿಡಿಯ ಪ್ರಕಾರವೇ ಒಂದಂತಸ್ತಿಗೆ 7, ಎರಡಂತಸ್ತಿಗೆ 12 ಮೀಟರ್ ಬೇಕು. 2024ರ ಪರಿಷ್ಕೃತ ಕೈಪಿಡಿ ಇನ್ನೂ ಹೆಚ್ಚು ಕೇಳುತ್ತದೆ. ಅಂದರೆ ನದಿಯಲ್ಲಿ ನೀರು ತುಂಬಿದ್ದರೂ ನಿಮ್ಮ ಮಹಡಿಗೆ ಅದು ತಾನಾಗಿ ಏರದು. ಇದಕ್ಕೆ ಪರಿಹಾರ ಎತ್ತರದಲ್ಲಿ ಪ್ರತ್ಯೇಕ ಟ್ಯಾಂಕ್, ಪ್ರತ್ಯೇಕ ವಲಯ. ಎಲ್ಲ ಮನೆಯವರೂ ನಳ್ಳಿಗೇ ಪಂಪ್ ಕೂರಿಸಿ ಎಳೆಯತೊಡಗಿದರೆ ಪೈಪ್‌ನೊಳಗೆ ಒತ್ತಡ ಕುಸಿದು, ಸೋರುವ ಜೋಡಣೆಗಳಿಂದ ಚರಂಡಿಯ ಕೊಳೆ ಒಳಗೆ ಬರುತ್ತದೆ. ದಯವಿಟ್ಟು ಅದನ್ನು ಮಾಡಬೇಡಿ.

ಪ್ರಮಾಣದ ಲೆಕ್ಕ ಸುಲಭ. ತಲೆಗೆ ದಿನಕ್ಕೆ 135 ಲೀಟರ್‌ನಂತೆ ಒಂದು ಲಕ್ಷ ಜನರಿಗೆ 1.35 ಕೋಟಿ ಲೀಟರ್. ದಾರಿಯಲ್ಲಿ ಶೇ 15 ಸೋರಿಕೆ ಹಿಡಿದರೆ ಸುಮಾರು 1.59 ಕೋಟಿ ಲೀಟರ್ ಬಿಡಬೇಕು. ಆ ನೀರು ಮೇ ತಿಂಗಳಲ್ಲಿ ಎಲ್ಲಿಂದ ಎಂಬುದೇ ಉಡುಪಿಯ ದೊಡ್ಡ ಪ್ರಶ್ನೆ. 2019ರಲ್ಲಿ ನಗರಕ್ಕೆ ನೀರು ಕೊಡುವ, ಸ್ವರ್ಣಾ ನದಿಯ ಬಜೆ ಅಣೆಕಟ್ಟು ಬತ್ತಿ, ನದಿಯ ಗುಂಡಿಗಳಲ್ಲಿ ನಿಂತ ನೀರನ್ನು ಪಂಪ್ ಹಾಕಿ ಎತ್ತಬೇಕಾಯಿತು. ಹಾಗಾಗಿ ಮಳೆಗಾಲದ ಹರಿವನ್ನಲ್ಲ, ಕಡು ಬೇಸಿಗೆಯ ಹರಿವನ್ನು ತೋರಿಸಿ ಎಂದು ವಾರ್ಡ್ ಸದಸ್ಯರ ಮೂಲಕ ಲಿಖಿತವಾಗಿ ಕೇಳಿ.

ಪ್ರಶ್ನೆ: ನಮ್ಮಲ್ಲಿ ಹೊಸ ಪೈಪ್ ಹಾಕಿ ವರ್ಷವಾಗಿಲ್ಲ, ಆಗಲೇ ಎರಡು ಕಡೆ ಸೋರುತ್ತಿದೆ. ಪೈಪೇ ಕಳಪೆಯೇ?
– ಓದುಗರೊಬ್ಬರು, ಮಲ್ಪೆ

ಉತ್ತರ: ಹೆಚ್ಚಾಗಿ ತಪ್ಪು ಪೈಪ್‌ನದ್ದಲ್ಲ, ಅದನ್ನು ಮಲಗಿಸಿದ ರೀತಿಯದ್ದು. ಅಡಿಗೆ ಮರಳು ಹಾಸದೆ, ಅಗೆದ ಮುರಕಲ್ಲಿನ ಚೂರುಗಳನ್ನೇ ಮೇಲೆ ಸುರಿದರೆ ಚೂಪು ತುದಿಯೊಂದು ಪೈಪ್‌ಗೆ ಒತ್ತಿಕೊಂಡಿರುತ್ತದೆ. ಮೇಲೆ ಮೀನಿನ ಲಾರಿ ಹೋದಾಗಲೆಲ್ಲ ಅಲ್ಲೇ ಪೆಟ್ಟು. ಒತ್ತಡವೂ ಕಾರಣವಿರಬಹುದು: ಕಡಲ ಮಟ್ಟದ ಊರಿಗೆ ಎತ್ತರದ ಟ್ಯಾಂಕ್‌ನಿಂದ ನೇರ ನೀರು ಬಿಟ್ಟರೆ ರಾತ್ರಿ ನಳ್ಳಿಗಳೆಲ್ಲ ಮುಚ್ಚಿದಾಗ ಒತ್ತಡ ಪೂರ್ತಿ ಏರುತ್ತದೆ. 10 ಮೀಟರ್ ಎತ್ತರದ ವ್ಯತ್ಯಾಸಕ್ಕೆ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ. ವಲಯದ ಬಾಯಲ್ಲಿ ಒತ್ತಡ ತಗ್ಗಿಸುವ ವಾಲ್ವ್ ಇದೆಯೇ, ಜೋಡಣೆಗಳಿಗೆ ಮಣ್ಣು ಮುಚ್ಚುವ ಮೊದಲು ಒತ್ತಡ ಪರೀಕ್ಷೆ ಆಗಿತ್ತೇ ಎಂದು ವಿಚಾರಿಸಿ. ಪರೀಕ್ಷೆಯ ದಿನ, ಒತ್ತಡ, ಎಷ್ಟು ಹೊತ್ತು ಎಂಬ ದಾಖಲೆ ಇರಲೇಬೇಕು. ದೋಷ ಹೊಣೆಗಾರಿಕೆಯ ಅವಧಿ ಮುಗಿದಿಲ್ಲದಿದ್ದರೆ ರಿಪೇರಿ ಗುತ್ತಿಗೆದಾರರ ಖರ್ಚಿನಲ್ಲೇ ಆಗಬೇಕು. ಸೋರುವ ಜಾಗದ ಚಿತ್ರ, ದಿನಾಂಕ ಹಾಕಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.