ಸ್ಲೋ ಆಗಿರೋ ಲ್ಯಾಪ್‌ಟಾಪ್‌ಗೆ ಯಾವ ಫ್ರೀ ಕ್ಲೀನರ್ ಒಳ್ಳೇದು? ಹಾಕೋಕೆ ಮುಂಚೆ ಇದೊಂದು ನೋಡ್ಬಿಡಿ

ನಿಮ್ಮ ಪ್ರಶ್ನೆ ಓದ್ದೆ. 2017ರಲ್ಲಿ ತಗೊಂಡ ಲ್ಯಾಪ್‌ಟಾಪ್, ವಿಂಡೋಸ್ 10, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ಆನ್ ಮಾಡಿ ಕಾಫಿ ಕುಡ್ದು ಬಂದ್ರೂ ಇನ್ನೂ ಸುತ್ತುತ್ತಾನೇ ಇರುತ್ತೆ, ಸಿಕ್ಲೀನರ್ ಹಾಕ್ಲಾ ಅಥವಾ ಬೇರೆ ಯಾವ್ದಾದ್ರೂ ಫ್ರೀ ಸಾಫ್ಟ್‌ವೇರ್ ಇದ್ಯಾ ಅಂತ ಕೇಳಿದೀರ. ನೇರ ಉತ್ತರ ಅಂದ್ರೆ, ಕ್ಲೀನರ್ ಹಾಕಿದ್ರೆ ಜಾಗ ಖಾಲಿ ಆಗುತ್ತೆ, ಸ್ಪೀಡ್ ಬರೋದು ಅಪರೂಪ. ಎರಡೂ ಒಂದೇ ಅಂತ ನಾನೂ ಮೂರ್ನಾಲ್ಕು ವರ್ಷ ನಂಬ್ಕೊಂಡು ಓಡಾಡಿದೀನಿ.

ನಂದೊಂದು ಚಿಕ್ಕ ಜೆರಾಕ್ಸ್ ಅಂಗಡಿ, ಜೊತೆಗೆ ಆನ್‌ಲೈನ್ ಅರ್ಜಿ ಹಾಕೋ ಕೆಲ್ಸ. ಅಲ್ಲಿದ್ದ ಹಳೇ ಡೆಸ್ಕ್‌ಟಾಪ್ ತೀರಾ ನಿಧಾನ ಆದಾಗ ಯಾವ್ದೋ ಒಂದು ಬೂಸ್ಟರ್ ಡೌನ್‌ಲೋಡ್ ಮಾಡ್ದೆ, ಹೆಸರು ಬೇಡ ಬಿಡಿ, ಸ್ಕ್ಯಾನ್ ಮಾಡಿ ಎರಡು ನಿಮಿಷದಲ್ಲಿ ಸಾವಿರಕ್ಕೂ ಜಾಸ್ತಿ ಎರರ್ ಇದೆ ಅಂತ ಕೆಂಪಗೆ ತೋರಿಸ್ತು, ನೋಡಿದ್ರೆ ಹೆದರಿಕೆ ಆಗ್ಬೇಕು ಹಂಗೆ. ಎಲ್ಲಾ ಫಿಕ್ಸ್ ಅಂತ ಒತ್ತಿದೆ. ಮಾರ್ನೇ ದಿನ ಬೆಳಗ್ಗೆ ಅಂಗಡಿ ತೆಗೆದ್ರೆ ಹೆಬ್ಬೆಟ್ಟು ಒತ್ತಿಸ್ಕೊಳ್ಳೋ ಮಷೀನ್ ಕೆಲ್ಸ ಮಾಡ್ತಿಲ್ಲ, ಸ್ಕ್ಯಾನರೂ ಇಲ್ಲ, ಹೊರಗಡೆ ಹತ್ತು ಹನ್ನೆರಡು ಜನ ಕಾಯ್ತಾ ಇದಾರೆ. ಡ್ರೈವರ್ (ಆ ಮಷೀನ್‌ಗಳನ್ನ ನಡೆಸೋ ಸಾಫ್ಟ್‌ವೇರ್) ಎಲ್ಲಾ ಮತ್ತೆ ಹಾಕಿ ಮುಗ್ಸೋ ಹೊತ್ತಿಗೆ ಮಧ್ಯಾಹ್ನ ಮೂರು ಗಂಟೆ. ಸ್ಪೀಡ್? ಅಷ್ಟೇ ಇತ್ತು.

ಅದು ಮಾಡಿದ್ದು ರಿಜಿಸ್ಟ್ರಿ ಕ್ಲೀನಿಂಗ್. ರಿಜಿಸ್ಟ್ರಿ ಅಂದ್ರೆ ವಿಂಡೋಸ್‌ನ ಖಾತೆ ಪುಸ್ತಕ ಇದ್ದಂಗೆ, ಯಾವ ಪ್ರೋಗ್ರಾಮ್ ಎಲ್ಲಿದೆ, ಯಾವ ಡ್ರೈವರ್ ಯಾವ್ದಕ್ಕೆ ಅಂತ ಲಕ್ಷಗಟ್ಟಲೆ ಎಂಟ್ರಿ ಇರುತ್ತೆ. ಅದ್ರಲ್ಲಿ ಸಾವಿರ ಹಳೇ ಎಂಟ್ರಿ ಕಿತ್ತು ಹಾಕಿದ್ರೆ ಪುಸ್ತಕ ಹುಡುಕೋ ಟೈಮಲ್ಲಿ ನಮ್ ಕಣ್ಣಿಗೆ ಕಾಣೋಷ್ಟು ವ್ಯತ್ಯಾಸ ಬರಲ್ಲ, ಆದ್ರೆ ಬೇಕಾಗಿರೋ ಒಂದೇ ಒಂದು ಎಂಟ್ರಿ ಹೋದ್ರೆ ನನ್ ಗತಿ. ರಿಜಿಸ್ಟ್ರಿ ಕ್ಲೀನರ್ ಬಳಸೋದನ್ನ ನಾವು ಬೆಂಬಲಿಸಲ್ಲ ಅಂತ ಮೈಕ್ರೋಸಾಫ್ಟ್‌ನೋರೇ ಹೇಳಿದಾರೆ. ಹಾಗಾಗಿ ನೀವು ಯಾವ ಸಾಫ್ಟ್‌ವೇರ್ ಬೇಕಾದ್ರೂ ಹಾಕಿ, ರಿಜಿಸ್ಟ್ರಿ ಅನ್ನೋ ಬಟನ್ ಮಾತ್ರ ಮುಟ್ಬೇಡಿ.

ಈಗ ಮೊದಲ್ನೇ ಕೆಲ್ಸ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್ ತೆರ್ಕೊಳ್ಳುತ್ತೆ. ಚಿಕ್ಕದಾಗಿ ಬಂದ್ರೆ ಕೆಳಗೆ ಮೋರ್ ಡೀಟೇಲ್ಸ್ ಒತ್ತಿ. ಲ್ಯಾಪ್‌ಟಾಪ್ ಆನ್ ಆದ ತಕ್ಷಣ ಇದನ್ನ ತೆಗೆದಿಟ್ಟು ಸಿಪಿಯು, ಮೆಮೊರಿ, ಡಿಸ್ಕ್ ಅಂತ ಇರೋ ಕಾಲಮ್‌ಗಳನ್ನ ಹತ್ತು ನಿಮಿಷ ಸುಮ್ನೆ ನೋಡ್ತಾ ಕೂತ್ಕೊಳ್ಳಿ. ನನ್ ಅಂದಾಜು, ನಿಮ್ದು ಡಿಸ್ಕ್ 100% ಅಂತ ಕೆಂಪಾಗಿ ನಿಂತಿರುತ್ತೆ, ಸಿಪಿಯು ಆರಾಮಾಗಿ 15, 20%ನಲ್ಲಿ ಇರುತ್ತೆ. ಅಂದ್ರೆ ಮೆದುಳು ಖಾಲಿ ಕೂತಿದೆ, ಗೋಡೌನಿಂದ ಸಾಮಾನು ತರೋ ಹುಡುಗ ಒದ್ದಾಡ್ತಿದಾನೆ.

ಆ ಕಾಲದ ಲ್ಯಾಪ್‌ಟಾಪ್‌ಗಳ 1 ಟಿಬಿ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗೋದು. ಒಳಗೆ ಗ್ರಾಮೋಫೋನ್ ಥರ ಒಂದು ತಟ್ಟೆ, ಅದ್ರ ಮೇಲೆ ಓಡಾಡೋ ಒಂದು ತೋಳು. ದೊಡ್ಡ ಸಿನಿಮಾ ಫೈಲ್ ಒಂದನ್ನ ಓದು ಅಂದ್ರೆ ಸೆಕೆಂಡಿಗೆ 100 ಎಂಬಿ ಹತ್ರ ಓದುತ್ತೆ, ಪರ್ವಾಗಿಲ್ಲ. ಆದ್ರೆ ವಿಂಡೋಸ್ ಶುರು ಆಗೋವಾಗ ಕೇಳೋದು ಅಲ್ಲೊಂದು ಇಲ್ಲೊಂದು ಅಂತ ಸಾವಿರಾರು ಸಣ್ಣ ಫೈಲು, ಪ್ರತಿಯೊಂದಕ್ಕೂ ತೋಳು ಓಡ್ಬೇಕು, ಹಂಗೆ ಸೆಕೆಂಡಿಗೆ ನೂರು ಸಲ ಹುಡುಕಿದ್ರೆ ಹೆಚ್ಚು. ಎಸ್‌ಎಸ್‌ಡಿಯಲ್ಲಿ (ಹಾರ್ಡ್ ಡಿಸ್ಕ್ ಬದಲು ಹಾಕೋ, ಚಿಪ್‌ನಲ್ಲಿ ಫೈಲ್ ಇಡೋ ಡಿಸ್ಕ್) ತಿರುಗೋದೇ ಏನೂ ಇಲ್ಲ, ಅದೇ ಕೆಲ್ಸ ಸೆಕೆಂಡಿಗೆ ಹತ್ತಾರು ಸಾವಿರ ಸಲ ಆಗುತ್ತೆ. ಇದಕ್ಕೆ ಟೆಂಪ್ ಫೈಲ್ (ಪ್ರೋಗ್ರಾಮ್‌ಗಳು ತಾತ್ಕಾಲಿಕವಾಗಿ ಇಟ್ಕೊಳ್ಳೋದು) ಅಳ್ಸಿದ್ರೆ ಏನು ಉಪಯೋಗ ನೀವೇ ಹೇಳಿ.

ಕ್ಯಾಶ್ (cache, ದುಡ್ಡಲ್ಲ) ವಿಷ್ಯನೂ ಹಂಗೇ. ಕ್ಲೀನರ್‌ಗಳು 3 ಜಿಬಿ ಕಸ ತೆಗೆದ್ವಿ ಅಂತ ಬೀಗೋದು ಬಹುಪಾಲು ಬ್ರೌಸರ್ ಕ್ಯಾಶ್, ಥಂಬ್‌ನೇಲು. ಅದು ಕಸ ಅಲ್ಲ ಮಾರಾಯ್ರೆ, ಬೇಗ ಸಿಗ್ಲಿ ಅಂತ ಕಂಪ್ಯೂಟರ್ರೇ ಕೈಗೆಟಕೋ ಹಾಗೆ ಇಟ್ಕೊಂಡಿರೋದು. ದಿನಾ ಅಳ್ಸೋದು ಅಂದ್ರೆ ಒಗ್ಗರಣೆ ಡಬ್ಬಿನ ರಾತ್ರಿ ಅಟ್ಟಕ್ಕೆ ಹಾಕಿ ಬೆಳಗ್ಗೆ ಏಣಿ ಹತ್ತಿದ ಹಾಗೆ. ಪ್ರೀಫೆಚ್ ಫೋಲ್ಡರ್ (ಪ್ರೋಗ್ರಾಮ್ ಬೇಗ ತೆರೆಯೋಕೆ ವಿಂಡೋಸ್ ಇಟ್ಕೊಂಡಿರೋದು) ಖಾಲಿ ಮಾಡಿ ಅಂತ ಹೇಳ್ಕೊಡೋ ವಿಡಿಯೋಗಳು ಇವೆಯಲ್ಲ, ಅದೂ ಇದೇ ಜಾತಿ.

ಹಾಗಂತ ಕ್ಲೀನಿಂಗ್ ಬೇಡ್ವೇ ಬೇಡ ಅಂತಿಲ್ಲ. ಸಿ ಡ್ರೈವ್ ಕೆಂಪಾಗಿದ್ರೆ, ಅಂದ್ರೆ ಬರೀ ನಾಲ್ಕೈದು ಜಿಬಿ ಉಳ್ದಿದ್ರೆ, ಅಪ್‌ಡೇಟ್ ಕೂರಲ್ಲ, ಎಲ್ಲಾ ತಡವರಿಸುತ್ತೆ, ಆಗ ಮಾಡ್ಲೇಬೇಕು. ಅದಕ್ಕೆ ಹೊರಗಿನ ಸಾಫ್ಟ್‌ವೇರ್ ಬೇಕಿಲ್ಲ. ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಅಲ್ಲಿ ಟೆಂಪರರಿ ಫೈಲ್ಸ್. ಒಂದೇ ಒಂದು ಎಚ್ಚರ, ಆ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಅಂತಾನೂ ಒಂದು ಇರುತ್ತೆ, ಅದರ ಟಿಕ್ ಇಲ್ದೇ ಇರೋದು ನೋಡ್ಕೊಳ್ಳಿ, ಇಲ್ಲಾಂದ್ರೆ ಮಗಳ ಮಾರ್ಕ್ಸ್ ಕಾರ್ಡ್ ಪಿಡಿಎಫ್ಫೂ ಅದ್ರ ಜೊತೆ ಹೋಗುತ್ತೆ. ಜಾಗ ಯಾರು ತಿಂತಿದಾರೆ ಅಂತ ಗೊತ್ತಾಗ್ಬೇಕಾ, ವಿನ್‌ಡರ್‌ಸ್ಟ್ಯಾಟ್ ಅಂತ ಫ್ರೀ ಸಿಗುತ್ತೆ, ಬಣ್ಣ ಬಣ್ಣದ ಚೌಕದಲ್ಲಿ ದೊಡ್ಡ ಫೈಲ್ ಎಲ್ಲಾ ತೋರಿಸುತ್ತೆ. ನಮ್ಮಲ್ಲಿ ಸಿಕ್ಕಿದ್ದು ವಾಟ್ಸಾಪ್‌ನಿಂದ ಇಳ್ದಿದ್ದ 40 ಜಿಬಿ ಗುಡ್ ಮಾರ್ನಿಂಗ್ ವಿಡಿಯೋ.

ಇಲ್ಲ ನಂಗೊಂದು ಕ್ಲೀನರ್ ಬೇಕೇ ಬೇಕು ಅಂದ್ರೆ ಬ್ಲೀಚ್‌ಬಿಟ್ ಹಾಕಿ. ಪೂರ್ತಿ ಫ್ರೀ, ಓಪನ್ ಸೋರ್ಸ್ (ಅದರ ಕೋಡ್ ಯಾರು ಬೇಕಾದ್ರೂ ನೋಡ್ಬೋದು), ದುಡ್ಡು ಕೇಳಲ್ಲ, ಹೆದರ್ಸಲ್ಲ, ನೋಡೋಕೆ ಮಾತ್ರ ಸಪ್ಪೆ. ಮೊದ್ಲು ಪ್ರಿವ್ಯೂ ಒತ್ತಿ ಏನೇನು ಹೋಗುತ್ತೆ ನೋಡಿ, ಬ್ರೌಸರ್ ಕೆಳಗೆ ಪಾಸ್‌ವರ್ಡ್ಸ್ ಅನ್ನೋದಕ್ಕೆ ಟಿಕ್ ಹಾಕ್ಬೇಡಿ, ಫ್ರೀ ಡಿಸ್ಕ್ ಸ್ಪೇಸ್ ಅನ್ನೋದಕ್ಕೂ ಬೇಡ, ಅದು ಖಾಲಿ ಜಾಗದ ಮೇಲೆಲ್ಲಾ ಬರೀತಾ ಗಂಟೆಗಟ್ಟಲೆ ಕೂರುತ್ತೆ.

ಸಿಕ್ಲೀನರ್ ಬಗ್ಗೆ ಕೇಳಿದ್ರಲ್ಲ. 2004ರ ಸುಮಾರಿಂದ ಇದೆ, ಲಂಡನ್ನಿನ ಪಿರಿಫಾರ್ಮ್ ಕಂಪನಿದು, ಮೊದಲ್ನೇ ಸಿ ಅಂದ್ರೆ ಕ್ರ್ಯಾಪ್ ಅಂತ ಇತ್ತು ಆಗ. 2017ರ ಜುಲೈನಲ್ಲಿ ಅವಾಸ್ಟ್ ಅನ್ನೋ ಆಂಟಿವೈರಸ್ ಕಂಪನಿ ಅದನ್ನ ತಗೊಳ್ತು, ಮುಂದಿನ ತಿಂಗಳೇ, ಆಗಸ್ಟ್ 15ಕ್ಕೆ ಬಂದ 5.33 ವರ್ಷನ್ ಒಳಗೆ ಕಳ್ಳರು ಮಾಲ್‌ವೇರ್ ಸೇರ್ಸಿಬಿಟ್ಟಿದ್ರು. ಅದೂ ಎಲ್ಲೋ ಕಳ್ಳ ಸೈಟಲ್ಲಿ ಅಲ್ಲ, ಅಸಲಿ ಡೌನ್‌ಲೋಡಲ್ಲೇ, ಕಂಪನಿಯ ಅಸಲಿ ಡಿಜಿಟಲ್ ಸಹಿ ಜೊತೆಗೆ. ಸೆಪ್ಟೆಂಬರ್‌ನಲ್ಲಿ ಗೊತ್ತಾಗೋ ಹೊತ್ತಿಗೆ 22.7 ಲಕ್ಷ ಕಂಪ್ಯೂಟರ್‌ಗೆ ಇಳಿದಿತ್ತು. ಆಮೇಲೆ ಸರಿ ಮಾಡಿ ಹೊಸ ವರ್ಷನ್ ಬಿಟ್ರು, ಈಗ ಹಾಕಿದ್ರೆ ವೈರಸ್ ಬರುತ್ತೆ ಅಂತ ನಾನು ಹೇಳ್ತಿಲ್ಲ. ಆದ್ರೆ ಕ್ಲೀನರ್‌ಗೆ ಅಡ್ಮಿನ್ ಪರ್ಮಿಶನ್ ಕೊಡೋದು ಅಂದ್ರೆ ಮನೆ ಬೀಗದ ಕೈ ಕೊಟ್ಟಂಗೆ, ವಿಂಡೋಸೇ ಮಾಡೋ ಕೆಲ್ಸಕ್ಕೆ ಇನ್ನೊಬ್ರಿಗೆ ಬೀಗದ ಕೈ ಯಾಕೆ ಅಂತ ನಂಗನ್ಸುತ್ತೆ.

ದುಡ್ಡಿಲ್ದೇ ನಿಜವಾಗ್ಲೂ ಸ್ವಲ್ಪ ಸ್ಪೀಡ್ ಸಿಗೋದು, ಲ್ಯಾಪ್‌ಟಾಪ್ ಆನ್ ಆದಾಗ ತಾವಾಗೇ ಶುರು ಆಗೋ ಪ್ರೋಗ್ರಾಮ್‌ಗಳು, ಅಂದ್ರೆ ಸ್ಟಾರ್ಟಪ್‌ನಲ್ಲಿ. ಅದೇ ಟಾಸ್ಕ್ ಮ್ಯಾನೇಜರಲ್ಲಿ ಸ್ಟಾರ್ಟಪ್ ಟ್ಯಾಬ್ ಇದೆ, ಟೀಮ್ಸ್, ಸ್ಪಾಟಿಫೈ, ಪ್ರಿಂಟರ್ ಕಂಪನಿಯ ಅದೂ ಇದೂ, ಲಾಕ್‌ಡೌನಲ್ಲಿ ಮಗನ ಕ್ಲಾಸಿಗೆ ಅಂತ ಹಾಕಿದ್ದು ಎಲ್ಲಾ ಇನ್ನೂ ಅಲ್ಲೇ ಸಾಲಾಗಿ ಕೂತಿರುತ್ತೆ, ಡಿಸೇಬಲ್ ಮಾಡಿ. ಆಂಟಿವೈರಸ್ ಮುಟ್ಬೇಡಿ, ಟಚ್‌ಪ್ಯಾಡ್, ಸೌಂಡ್ ಹೆಸರಿರೋದೂ ಮುಟ್ಬೇಡಿ, ನುಡಿ, ಬರಹ ಥರ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಹಾಕ್ಕೊಂಡಿದ್ರೆ ಅದೂ ಇರ್ಲಿ. ಡಿಸೇಬಲ್ ಅಂದ್ರೆ ಡಿಲೀಟ್ ಅಲ್ಲ, ಬೇಕಂದ್ರೆ ವಾಪಸ್ ಹಾಕ್ಬೋದು. ಎರಡೆರಡು ಆಂಟಿವೈರಸ್ ಇದ್ರೆ ಒಂದನ್ನ ಕಿತ್ತಾಕಿ, ವಿಂಡೋಸ್ ಜೊತೆ ಬರೋ ಡಿಫೆಂಡರ್ರೇ ಸಾಕು.

ಇನ್ನೊಂದು ತಮಾಷೆ. ಪರ್ಫಾರ್ಮೆನ್ಸ್ ಟ್ಯಾಬಲ್ಲಿ ಸಿಪಿಯು ಕೆಳಗೆ ಅಪ್ ಟೈಮ್ (ಕಂಪ್ಯೂಟರ್ ಎಷ್ಟು ಹೊತ್ತಿಂದ ಓಡ್ತಿದೆ) ಅಂತ ಇರುತ್ತೆ, ನಮ್ ಅಕ್ಕನ ಲ್ಯಾಪ್‌ಟಾಪಲ್ಲಿ 23 ದಿನ ಅಂತ ಇತ್ತು, ಅವ್ಳು ದಿನಾ ಶಟ್‌ಡೌನ್ ಮಾಡ್ತೀನಿ ಅಂತ ಆಣೆ ಮಾಡ್ತಾಳೆ. ಇಬ್ರೂ ಸುಳ್ಳು ಹೇಳ್ತಿಲ್ಲ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ರೆ ಶಟ್‌ಡೌನ್ ಮಾಡ್ದಾಗ ವಿಂಡೋಸ್‌ನ ಒಳಭಾಗ ಪೂರ್ತಿ ಮುಚ್ಚಲ್ಲ, ಡಿಸ್ಕಿಗೆ ಬರ್ದಿಟ್ಟು ಮಲಗುತ್ತೆ. ರೀಸ್ಟಾರ್ಟ್ ಕೊಟ್ರೇನೇ ನಿಜವಾಗಿ ಹೊಸದಾಗಿ ಏಳೋದು. ವಾರಕ್ಕೊಂದ್ಸಲ ಕೊಡಿ.

ಇಷ್ಟೆಲ್ಲಾ ಆದ್ಮೇಲೂ ಡಿಸ್ಕ್ 100% ಇದ್ರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ, ಡಿಸ್ಕ್ ಆರೋಗ್ಯ ಹೇಗಿದೆ ಅಂತ ತೋರಿಸುತ್ತೆ, ಇದೂ ಫ್ರೀ. ನೀಲಿ ಬಣ್ಣದಲ್ಲಿ ಗುಡ್ ಅಂತ ಬಂದ್ರೆ ಸರಿ. ಹಳದಿಯಲ್ಲಿ ಕಾಶನ್ ಅಂತ ಬಂದ್ರೆ ಕ್ಲೀನಿಂಗ್, ಡಿಫ್ರಾಗ್ (ಡಿಸ್ಕಲ್ಲಿ ಚದುರಿದ ಫೈಲ್ ಒಂದು ಕಡೆ ಜೋಡ್ಸೋದು) ಎಲ್ಲಾ ನಿಲ್ಸಿ, ಮೊದ್ಲು ಫೋಟೋ, ಡಾಕ್ಯುಮೆಂಟ್ ಎಲ್ಲಾ ಬೇರೆ ಕಡೆ ಕಾಪಿ ಮಾಡ್ಕೊಳ್ಳಿ, ಡಿಸ್ಕ್ ಸಾಯ್ತಾ ಇರ್ಬೋದು. ಕ್ಲೀನರ್ ಸ್ಕ್ಯಾನ್ ಮಾಡಿ ಮಾಡಿ ಸಾಯ್ತಿರೋ ಡಿಸ್ಕ್‌ನ ಇನ್ನೂ ಬೇಗ ಕೊಲ್ಲೋದು ಬೇಡ.

ಕೊನೆಗೆ ನನ್ ಅಂಗಡಿ ಡೆಸ್ಕ್‌ಟಾಪ್ ಸರಿ ಹೋಗಿದ್ದು ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಲ್ಲಿ ತಂದ 240 ಜಿಬಿ ಎಸ್‌ಎಸ್‌ಡಿಯಿಂದ. ಆಗ ಎರಡು ಸಾವಿರದ ಒಳಗೆ ಸಿಕ್ಕಿತ್ತು, ಈಗಿನ ರೇಟ್ ವಿಚಾರ್ಸಿ. ವಿಂಡೋಸ್ ಹೊಸದಾಗಿ ಹಾಕ್ದೆ, ಲೈಸೆನ್ಸ್ ಮದರ್‌ಬೋರ್ಡ್‌ಗೆ ಅಂಟ್ಕೊಂಡಿರೋದ್ರಿಂದ ನೆಟ್ ಸಿಕ್ಕಿದ್ಮೇಲೆ ತಾನೇ ಆಕ್ಟಿವೇಟ್ ಆಯ್ತು. ಆನ್ ಆಗೋಕೆ ಐದು ನಿಮಿಷ ತಗೊಳ್ತಿದ್ದಿದ್ದು ಅರ್ಧ ನಿಮಿಷಕ್ಕೆ ಬಂತು. ನಿಮ್ದರಲ್ಲಿ ರ‍್ಯಾಮ್ ಸ್ಲಾಟ್ ಖಾಲಿ ಇದ್ರೆ ಇನ್ನೊಂದು 4 ಜಿಬಿನೂ ಹಾಕ್ಸಿ, ಆದ್ರೆ ಒಂದೇ ಅಂದ್ರೆ ಎಸ್‌ಎಸ್‌ಡಿ ಮೊದ್ಲು.

ಹಾಂ, ವಿಂಡೋಸ್ 10ಗೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗ್ದಿದೆ, ವಿಂಡೋಸ್ 11 ಇಂಟೆಲ್ 8ನೇ ಜನರೇಶನ್‌ಗಿಂತ ಹಳೇ ಪ್ರೊಸೆಸರ್‌ನ ಸಾಮಾನ್ಯವಾಗಿ ಒಪ್ಪಲ್ಲ, ನಿಮ್ದು 2017ರದ್ದು ಅಂದ್ರೆ ಬಹುಶಃ ಅದಕ್ಕಿಂತ ಹಳೇದೇ ಇರುತ್ತೆ. ಬರೀ ಬ್ರೌಸಿಂಗ್, ಯೂಟ್ಯೂಬ್ ಅಂದ್ರೆ ಅದೇ ಎಸ್‌ಎಸ್‌ಡಿಗೆ ಲಿನಕ್ಸ್ ಮಿಂಟ್ (ವಿಂಡೋಸ್ ಬದಲು ಬಳಸೋ ಫ್ರೀ ಆಪರೇಟಿಂಗ್ ಸಿಸ್ಟಮ್) ಹಾಕ್ಬೋದು, 4 ಜಿಬಿಯಲ್ಲೇ ನಡ್ಯುತ್ತೆ.

ಮೊದ್ಲು ಟಾಸ್ಕ್ ಮ್ಯಾನೇಜರ್ ನೋಡಿ, ಡಿಸ್ಕ್ ಕಾಲಮ್ ಮೇಲೆ ಕ್ಲಿಕ್ ಮಾಡಿದ್ರೆ ಜಾಸ್ತಿ ತಿಂತಿರೋದು ಮೇಲೆ ಬರುತ್ತೆ, ಅದರದ್ದೊಂದು ಫೋಟೋ ತೆಗೆದು ಕಾಮೆಂಟಲ್ಲಿ ಹಾಕಿ. ಸ್ಕ್ರೀನ್‌ಶಾಟ್ ಬರದಿದ್ರೆ ಮೊಬೈಲಲ್ಲಿ ತೆಗೆದಿದ್ರೂ ನಡ್ಯುತ್ತೆ.