ಇಂಗ್ಲೆಂಡ್‌ನಲ್ಲಿ ಸ್ವಂತ ಮನೆ: ಲ್ಯಾಂಡ್‌ಸ್ಕೇಪಿಂಗ್ ಷರತ್ತನ್ನು ಕೊನೆಗೆ ನೋಡಿಕೊಂಡರೆ ಆಗಲ್ವಾ?

ಜಾಗ ತಗೊಂಡಿದ್ದೀರಿ, ಮನೆ ಕಟ್ಟಲು ಕೌನ್ಸಿಲ್‌ನ (ಸ್ಥಳೀಯ ಆಡಳಿತದ) ಪರ್ಮಿಷನ್ ಬಂದಿದೆ, ಅದರಲ್ಲಿರುವ ಗಿಡಮರದ ಷರತ್ತನ್ನು ಮನೆ ಮುಗಿದ ಮೇಲೆ ನೋಡಿಕೊಳ್ಳಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಗೆ ಬಿಡಬೇಡಿ. ಇಲ್ಲಿನ ಒಂದು ಹಳ್ಳಿಯಲ್ಲಿ ಮನೆ ಕಟ್ಟಿಸಿದವನು ನಾನು. ತೋಟದ ಕೆಲಸವೆಲ್ಲ ಗೃಹಪ್ರವೇಶ ಆದ ಮೇಲಿನದು ಅಂತ ನಾನೂ ಅಂದುಕೊಂಡಿದ್ದೆ.

ಮೊದಲು ಆ ಷರತ್ತು ಯಾವ ಮಾತಿನಿಂದ ಶುರುವಾಗುತ್ತೆ ನೋಡಿ. ‘ಕೆಲಸ ಶುರುವಾಗುವ ಮುನ್ನ’ ಅಂತಿದ್ದರೆ, ಗಿಡ ನೆಡುವ ನಕ್ಷೆಗೆ ಕೌನ್ಸಿಲ್ ಒಪ್ಪುವ ತನಕ ಪಾಯ ಅಗೆಯುವಂತಿಲ್ಲ. ಅಗೆದರೆ ಇಡೀ ಪರ್ಮಿಷನ್ನೇ ತೊಡಕಿಗೆ ಸಿಕ್ಕಬಹುದು. ‘ವಾಸಕ್ಕೆ ಬರುವ ಮುನ್ನ’ ಅಂತಿದ್ದರೆ ಸ್ವಲ್ಪ ಸಮಯ ಇದೆ. ಈ ಒಪ್ಪಿಗೆಗೆ ಬೇರೆ ಅರ್ಜಿ, ಬೇರೆ ಶುಲ್ಕ. ಡಿಸ್ಚಾರ್ಜ್ ಆಫ್ ಕಂಡಿಷನ್ಸ್ ಅಂತಾರೆ. 8 ವಾರವಾದರೂ ಕೈಯಲ್ಲಿಟ್ಟುಕೊಳ್ಳಿ.

ಸೈಟಿನಲ್ಲಿ ಹಳೇ ಮರ ಇದೆಯಾ? ಇದ್ದರೆ ಅದರ ಕೆಲಸ ಮೊದಲ ಲಾರಿ ಬರುವ ಮುಂಚೆಯೇ. ನಮ್ಮ ಅಂಚಿನಲ್ಲಿ ಒಂದು ಓಕ್ ಇತ್ತು. ಕಟ್ಟಡದ ಕೆಲಸದ ವೇಳೆ ಮರ ಕಾಯುವುದಕ್ಕಿರುವ ಬಿಎಸ್ 5837 ಅನ್ನುವ ಬ್ರಿಟಿಷ್ ಮಾನದಂಡದ ಪ್ರಕಾರ ನೆಲದಿಂದ 1.5 ಮೀಟರ್ ಎತ್ತರದಲ್ಲಿ ಕಾಂಡ ಅಳೆಯಬೇಕು. ಟೇಪ್ ಸುತ್ತಿದೆ: 188 ಸೆಂ.ಮೀ. ಅಂದರೆ ವ್ಯಾಸ ಸುಮಾರು 60. ಅದರ 12 ಪಟ್ಟು, 7.2 ಮೀಟರ್. ಮರದ ಸುತ್ತ ಅಷ್ಟು ದೂರಕ್ಕೆ ಬೇಲಿ ಹಾಕಿ ಬೇರು ಕಾಯಬೇಕು. ಹಾಕಿದ್ದೆವು ಕೂಡ. ಒಂದು ಭಾನುವಾರ ಹೋಗಿ ನೋಡಿದರೆ ಬೇಲಿ ಸರಿಸಿ ಇಟ್ಟಿಗೆಯ ರಾಶಿಯನ್ನು ಬುಡಕ್ಕೇ ತಂದು ಪೇರಿಸಿದ್ದಾರೆ! ‘ಅಗೆದಿಲ್ಲವಲ್ಲ’ ಅಂದರು ಕೆಲಸದವರು. ಭಾರಕ್ಕೆ ಮಣ್ಣು ಗಟ್ಟಿಯಾದರೆ ಬೇರಿಗೆ ಗಾಳಿಯೂ ಇಲ್ಲ, ನೀರೂ ಇಲ್ಲ. ಮರ ಆವತ್ತೇ ಸಾಯಲ್ಲ, ಕೆಲವು ವರ್ಷ ಕಳೆದು ತುದಿಯಿಂದ ಒಣಗುತ್ತಾ ಬರುತ್ತೆ. ಆವತ್ತು ಸಂಜೆಯೊಳಗೆ ನಾನೇ ನಿಂತು ಎತ್ತಿಸಿದೆ.

ಇನ್ನು ಹೊಸ ಬೇಲಿಗಿಡ. ದಾರಿಗೆ ಅಡ್ಡವಾಗಿದ್ದ ಹಳೇ ಬೇಲಿ ತೆಗೆದಿದ್ದಕ್ಕೆ ನಮಗೆ 24 ಮೀಟರ್ ಹೊಸದು ನೆಡಬೇಕಿತ್ತು: ಹಾಥಾರ್ನ್ ಹೆಚ್ಚು, ಜೊತೆಗೆ ಹೇಜಲ್, ಫೀಲ್ಡ್ ಮೇಪಲ್. ಮೀಟರಿಗೆ ಐದರಂತೆ 120 ಸಸಿ, ಎರಡು ಸಾಲಿನಲ್ಲಿ ಒಂದರ ಸಂದಿಗೆ ಇನ್ನೊಂದು ಬರುವ ಹಾಗೆ. ಇಲ್ಲೊಂದು ಎಚ್ಚರ: ಗಾಡಿ ಹೊರಗೆ ತೆಗೆಯುವಾಗ ರಸ್ತೆ ಕಾಣಬೇಕು, ನಕ್ಷೆಯ ಇಂಥ ಗೆರೆಯಾಚೆ ಏನೂ ಅಡ್ಡ ಇರಬಾರದು ಅಂತ ಬೇರೊಂದು ಷರತ್ತು ಸಾಮಾನ್ಯವಾಗಿ ಇರುತ್ತೆ. ಸಸಿಗಳು ಆ ಗೆರೆಯಿಂದ ಮನೆ ಕಡೆಗೇ ಬರಬೇಕು, ಬೆಳೆದು ಅಗಲವಾದ ಮೇಲೂ.

ಮಣ್ಣಿಲ್ಲದ ಬರೀ ಬೇರಿನ ಸಸಿ ಕುಂಡದ ಗಿಡಕ್ಕಿಂತ ತುಂಬಾ ಅಗ್ಗ. ಆದರೆ ನವೆಂಬರಿನಿಂದ ಮಾರ್ಚ್ ತನಕ ಮಾತ್ರ ಸಿಗುತ್ತೆ. ಮನೆ ಏಪ್ರಿಲ್‌ನಲ್ಲಿ ಮುಗಿದರೆ ಮುಂದಿನ ಚಳಿಗಾಲದ ತನಕ ಕಾಯಬೇಕು, ಇಲ್ಲವೇ ಕುಂಡದ ಗಿಡಕ್ಕೆ ದುಡ್ಡು ಸುರಿಯಬೇಕು. ‘ಮುಗಿದ ನಂತರದ ಮೊದಲ ನೆಡುವ ಋತುವಿನಲ್ಲಿ’ ಅಂತ ಷರತ್ತು ಬರೆಸಿಕೊಂಡಿದ್ದರೆ ಬಚಾವ್. ಸಸಿ ಬಂದ ಮೇಲೆ ಬೇರು ಅರ್ಧ ಗಂಟೆ ಗಾಳಿಗೆ ಬಿಟ್ಟರೂ ಕಷ್ಟ. ಚೀಲದಿಂದ ಒಂದೊಂದೇ ತೆಗೆದು ನೆಡಿ. ಮೊಲ ಕಡಿಯದ ಹಾಗೆ ಸುರುಳಿ ಕವಚ ಹಾಕಿ, ಬುಡದ ಹುಲ್ಲು ಕೀಳಿ.

ಮೊದಲ ಬೇಸಿಗೆಯಲ್ಲಿ ನಮ್ಮವು 17 ಒಣಗಿದವು. ಐದು ವರ್ಷದೊಳಗೆ ಸತ್ತದ್ದಕ್ಕೆ ಬದಲಿ ನೆಡಬೇಕು ಅಂತ ಷರತ್ತಿನಲ್ಲಿ ಸಾಮಾನ್ಯವಾಗಿ ಇರುತ್ತೆ, ನಮ್ಮದರಲ್ಲೂ ಇತ್ತು. ಹಾಗಾಗಿ ನೀರು ಹಾಕಿ ಸಾಕುವಷ್ಟನ್ನೇ ನಕ್ಷೆಯಲ್ಲಿ ತೋರಿಸಿ. ಅಧಿಕಾರಿ ಮೆಚ್ಚಲಿ ಅಂತ ಬರೆದ ಪ್ರತಿ ಗಿಡವೂ ನಿಮ್ಮ ತಲೆ ಮೇಲೆ.

ಕಟ್ಟಿದ ಮೇಲೆ ಜೀವವೈವಿಧ್ಯ ಮೊದಲಿಗಿಂತ ಶೇ 10 ಹೆಚ್ಚಬೇಕು ಅನ್ನುವ 2024ರ ನಿಯಮದಲ್ಲಿ ಸ್ವಂತಕ್ಕೆ ಕಟ್ಟುವವರಿಗೆ ವಿನಾಯಿತಿ ಕೊಟ್ಟಿದ್ದರು. ಅದನ್ನು ನಂಬಿ ಈ ಷರತ್ತನ್ನು ಮರೆಯಬೇಡಿ, ಅದು ಬೇರೆ ಇದು ಬೇರೆ.

ನಿಮ್ಮ ಷರತ್ತಿನ ಸಾಲನ್ನು ಇದ್ದ ಹಾಗೇ ಇಲ್ಲಿ ಹಾಕಿ, ಪಾಯ ಯಾವ ತಿಂಗಳು ಅಂತಲೂ ಹೇಳಿ. ನೆಡುವ ಲೆಕ್ಕ ಕೂಡಿಸಿ ಕೊಡುತ್ತೇನೆ.