ಊರಿಗೊಂದು ಕರೆಂಟು, ಊರಿಗೊಂದು ಮೋಟಾರು

ಪ್ರಶ್ನೆ: ಕರೆಂಟಿನಿಂದ ತಿರುಗುವ ಚಲನೆಯನ್ನು ಲಂಡನ್ನಿನ ಮೈಕೆಲ್ ಫ್ಯಾರಡೆ ಮೊದಲು ತೋರಿಸಿದರೆಂದು ಓದಿದ್ದೇನೆ. ಹಾಗಿದ್ದೂ ಮೋಟಾರು ತಯಾರಿಕೆಯಲ್ಲಿ ಬ್ರಿಟನ್ ಅಮೆರಿಕ, ಜರ್ಮನಿಗಳ ಹಿಂದೆ ಬಿದ್ದದ್ದೇಕೆ?
— ಐಟಿಐ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಜಾಣರ ಕೊರತೆಯಿಂದಂತೂ ಅಲ್ಲ. ಫ್ಯಾರಡೆಯ ಪ್ರಯೋಗ 1821ರದ್ದು. ಕಮ್ಯುಟೇಟರ್ (ತಿರುಗುವಾಗ ಕರೆಂಟಿನ ದಿಕ್ಕು ಬದಲಿಸುವ ಭಾಗ) ಇರುವ ಮೋಟಾರನ್ನು 1832ರ ಸುಮಾರಿಗೆ ಮಾಡಿ ತೋರಿಸಿದ ವಿಲಿಯಂ ಸ್ಟರ್ಜನ್ ಕೂಡ ಇಂಗ್ಲೆಂಡಿನವರೇ. 1878ರಲ್ಲಿ ಎಂಜಿನಿಯರ್ ಕ್ರಾಂಪ್ಟನ್ ಇಂಗ್ಲೆಂಡಿನ ಚೆಲ್ಮ್ಸ್‌ಫರ್ಡಿನಲ್ಲಿ ವಿದ್ಯುತ್ ಸಲಕರಣೆಗಳ ಕಾರ್ಖಾನೆಯನ್ನೇ ತೆರೆದರು. ತೊಡಕಿದ್ದದ್ದು ಕರೆಂಟು ಹಂಚುವ ವ್ಯವಸ್ಥೆಯಲ್ಲಿ.

ಖಾಸಗಿಯವರು ಕಟ್ಟಿದ ವಿದ್ಯುತ್ ಕೇಂದ್ರವನ್ನು 21 ವರ್ಷಗಳ ಬಳಿಕ ನಗರಸಭೆ ಕೊಂಡುಕೊಳ್ಳಬಹುದು ಎಂದಿತ್ತು ಬ್ರಿಟನ್ನಿನ 1882ರ ಕಾಯ್ದೆ. ಹಾಗಾಗಿ ದೊಡ್ಡದಾಗಿ ಹಣ ಹೂಡಲು ಖಾಸಗಿಯವರು ಹಿಂಜರಿದರು. 1888ರಲ್ಲಿ ಆ ಅವಧಿಯನ್ನು 42ಕ್ಕೆ ಏರಿಸಿದರು. ಅಷ್ಟಾದರೂ ಊರಿನ ಗಡಿ ದಾಟದ ಸಣ್ಣ ಸಣ್ಣ ಕೇಂದ್ರಗಳೇ ಹೆಚ್ಚಿದವು. ಒಂದು ಕಡೆ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟು), ಪಕ್ಕದಲ್ಲೇ ಎಸಿ (ದಿಕ್ಕು ಬದಲಿಸುತ್ತಲೇ ಇರುವ ಕರೆಂಟು). ಎಸಿಯಲ್ಲೂ ಫ್ರೀಕ್ವೆನ್ಸಿ, ಅಂದರೆ ಸೆಕೆಂಡಿಗೆ ಎಷ್ಟು ಸೈಕಲ್ (ಆವರ್ತ) ಎಂಬುದು, ಊರಿಂದೂರಿಗೆ ಬೇರೆ. ನ್ಯೂಕ್ಯಾಸಲ್ ಸುತ್ತಮುತ್ತ 40 ಸೈಕಲ್, ಬರ್ಮಿಂಗ್‌ಹ್ಯಾಮಿನಲ್ಲಿ 25. ಮೊದಲ ಮಹಾಯುದ್ಧದ ಹೊತ್ತಿಗೆ ಲಂಡನ್ ಒಂದರಲ್ಲೇ 10 ಬಗೆಯ ಫ್ರೀಕ್ವೆನ್ಸಿ!

ಮೋಟಾರು ಮಾಡುವವನ ಪಾಡು ಏನಾಗಿರಬಹುದೆಂದು ನಿಮ್ಮ ಪಾಠದ ಸೂತ್ರದಿಂದಲೇ (120 × ಫ್ರೀಕ್ವೆನ್ಸಿ ÷ ಪೋಲುಗಳ ಸಂಖ್ಯೆ) ಲೆಕ್ಕ ಹಾಕಿ. 4 ಪೋಲಿನ (ಕಾಂತಧ್ರುವದ) ಮೋಟಾರಿನ ಸಿಂಕ್ರೋನಸ್ ವೇಗ, ಅಂದರೆ ಅದರೊಳಗಿನ ಕಾಂತಕ್ಷೇತ್ರ ತಿರುಗುವ ವೇಗ, 50 ಸೈಕಲಿಗೆ 1500 ಆರ್‌ಪಿಎಂ (ನಿಮಿಷಕ್ಕೆ ಸುತ್ತು), 40ಕ್ಕೆ 1200, 25ಕ್ಕೆ ಬರೀ 750. ವೋಲ್ಟೇಜು ಬೇರೆಯಾದರೆ ವೈಂಡಿಂಗೂ (ಒಳಗಿನ ತಂತಿಯ ಸುತ್ತೂ) ಬೇರೆ. ಒಂದೇ ನಮೂನೆಯ ಸಾವಿರ ಮೋಟಾರು ಮಾಡಿ ಗೋದಾಮಿನಲ್ಲಿಡುವಂತಿಲ್ಲ, ಆರ್ಡರು ಬಂದ ಮೇಲೆಯೇ ಕೈಹಚ್ಚಬೇಕು. ಬೆಲೆ ಇಳಿಯುವುದಾದರೂ ಹೇಗೆ? ನನ್ನ ಮಟ್ಟಿಗೆ ಹಿನ್ನಡೆಗೆ ಇದಕ್ಕಿಂತ ದೊಡ್ಡ ಕಾರಣವಿಲ್ಲ.

ಎಸಿಯಲ್ಲಿ ಓಡುವ ಇಂಡಕ್ಷನ್ ಮೋಟಾರು ಪಳಗಿದ್ದೂ ಹೊರಗಡೆಯೇ: ಅಮೆರಿಕದಲ್ಲಿ ಟೆಸ್ಲಾ, ಜರ್ಮನಿಯಲ್ಲಿ ಡೊಲಿವೊ-ಡೊಬ್ರೊವೊಲ್‌ಸ್ಕಿ. ಮ್ಯಾಂಚೆಸ್ಟರಿನ ಟ್ರಾಫರ್ಡ್ ಪಾರ್ಕಿನಲ್ಲಿ, ರಗ್ಬಿ ಪಟ್ಟಣದಲ್ಲಿ ಎದ್ದ ದೈತ್ಯ ಕಾರ್ಖಾನೆಗಳ ಹಿಂದೆ ಇದ್ದದ್ದು ವೆಸ್ಟಿಂಗ್‌ಹೌಸ್, ಥಾಮ್ಸನ್-ಹೂಸ್ಟನ್ ಎಂಬ ಅಮೆರಿಕದ ಹೆಸರುಗಳು. ನಮ್ಮ ಕೋಲಾರದ ಚಿನ್ನದ ಗಣಿ ಬ್ರಿಟಿಷರದ್ದಾಗಿದ್ದರೂ, ಅದಕ್ಕೆ 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಕೊಟ್ಟ ಜನರೇಟರುಗಳು ಬಂದದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಿಂದ.

ಹಡರ್ಸ್‌ಫೀಲ್ಡಿನ ಅರ್ನೆಸ್ಟ್ ಬ್ರೂಕ್ ಅವರ ಧೈರ್ಯ ಮೆಚ್ಚಬೇಕು. ಡಿಸಿಯೇ ಮೇಲುಗೈಯಾಗಿದ್ದ 1904ರಲ್ಲಿ ಅವರು ಎಸಿ ಮೋಟಾರನ್ನೇ ನಂಬಿ ಪುಟ್ಟ ವರ್ಕ್‌ಶಾಪು ತೆರೆದರು. 1926ರ ಕಾಯ್ದೆ ಇಡೀ ದೇಶಕ್ಕೆ 50 ಸೈಕಲಿನ ಗ್ರಿಡ್ (ಕೇಂದ್ರಗಳನ್ನು ಜೋಡಿಸುವ ವಿದ್ಯುತ್ ಜಾಲ) ತಂದಾಗ ಅಂಥವರಿಗೆ ದಾರಿ ತೆರೆಯಿತು. ಮರುವರ್ಷ ಕ್ರಾಂಪ್ಟನ್ನರ ಕಂಪನಿ ಗೈಸ್ಲಿಯ ಪಾರ್ಕಿನ್ಸನ್ನರ ಕಂಪನಿಯ ಜೊತೆ ಸೇರಿ ಕ್ರಾಂಪ್ಟನ್ ಪಾರ್ಕಿನ್ಸನ್ ಆಯಿತು.